ಅಟ್ಟದ ಮೇಲಿನ ಅಂಕಪಟ್ಟಿ

ಈ ಪ್ರಸಂಗವನ್ನು ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಕೊನೆಯಲ್ಲಿ ಏಣಿ ಹತ್ತುತ್ತೇನೆ. ಈ ಸಲ ಹತ್ತದೆ ಬರೆಯಲು ಆಗುತ್ತದೆಯೇ ನೋಡಬೇಕು.

ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಮೂರನೇ ವರ್ಷ. ಎಪ್ಪತ್ತರ ದಶಕದ ಕೊನೆ ಇರಬೇಕು. ಶೆಟ್ಟಿಕೆರೆಯ ಆಚೆ ಒಂದು ಊರಿನ ಖಾಸಗಿ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರು ಬೇಕಾಗಿದ್ದರು. ಅರ್ಜಿಯ ಜೊತೆ ಅಸಲು ಅಂಕಪಟ್ಟಿಯನ್ನೇ ಕಳಿಸಬೇಕು, ಸಂದರ್ಶನದ ದಿನ ವಾಪಸು ಕೊಡುತ್ತೇವೆ ಎಂದಿದ್ದರು. ಕಳಿಸಿದೆ. ಸಂದರ್ಶನ ಶುಕ್ರವಾರ. ಸೋಮವಾರ ತುಮಕೂರಿನಲ್ಲಿ ಸರ್ಕಾರಿ ಕೆಲಸದ ಸಂದರ್ಶನ. ಅಸಲು ತೋರಿಸದವರನ್ನು ಅಲ್ಲಿ ಒಳಗೇ ಬಿಡುವುದಿಲ್ಲ. ಈ ಕೆಲಸ ಸಿಗದಿದ್ದರೂ ಸರಿ, ಅಂಕಪಟ್ಟಿ ಮಾತ್ರ ಅವತ್ತೇ ಕೈಗೆ ಬರಬೇಕಿತ್ತು.

ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ ಹತ್ತಕ್ಕೆ ಮುಂಚೆ ತಲುಪಿದೆ. ರಜೆಯ ಕಾಲ, ಶಾಲೆಗೆ ಬೀಗ. ಜಗಲಿಯ ಮೇಲೆ ಹಾಸನದ ಕಡೆಯ ಇನ್ನೊಬ್ಬ ಅಭ್ಯರ್ಥಿ ಕಾಲು ಚಾಚಿ ಕೂತಿದ್ದ. ಹನ್ನೊಂದೂವರೆಗೆ ಶಾಲೆಯ ಕಾರ್ಯದರ್ಶಿ ಸೈಕಲ್ಲಿನಲ್ಲಿ ಬಂದರು.

"ಇವತ್ತಾ? ಮುಂದಿನ ಶುಕ್ರವಾರ ಅಲ್ವೇನ್ರೀ?"

ಪತ್ರ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸೈನೇನೋ ನಂದೇ. ಅಧ್ಯಕ್ಷರು ತಿಪಟೂರಿಗೆ ಹೋಗವ್ರೆ. ಬನ್ನಿ, ಅವ್ರ ಮನೇಲೇ ಮುಗ್ಸೋಣ. ಕಾಗದ ಎಲ್ಲಾ ಅಲ್ಲೇ ಐತೆ."

ಶಾಲೆಯ ಸೂರು ಸೋರುತ್ತದೆಂದು ಕಾಗದಗಳನ್ನೆಲ್ಲ ಒಂದು ಟ್ರಂಕಿಗೆ ತುಂಬಿ ಅಧ್ಯಕ್ಷರ ಅಟ್ಟದಲ್ಲಿ ಇಟ್ಟಿದ್ದರಂತೆ. ಪಡಸಾಲೆಯಲ್ಲಿ ಸಂದರ್ಶನ ಶುರುವಾಯಿತು. ತೋಟ ಎಷ್ಟಿದೆ ಎಂದು ಕೇಳಿದರು. ಮದುವೆ ಆಗಿದೆಯೇ ಎಂದು ಕೇಳಿದರು. ಇಬ್ಬರಿಗೂ ಅವೇ ಪ್ರಶ್ನೆ. ಆಮೇಲೆ ನನ್ನನ್ನು ನೋಡಿ, "ಮಾರ್ಕ್ಸು ಎಷ್ಟ್ರೀ?"

"ಅಂಕಪಟ್ಟೀಲಿದೆ ಸರ್."

"ಅದೆಲ್ಲೈತೆ?"

"ನಿಮ್ಮ ಹತ್ರಾನೇ ಇದೆ."

ಅವರು ತಲೆಯೆತ್ತಿ ಅಟ್ಟ ನೋಡಿದರು. ಏಣಿಯ ಬುಡದಲ್ಲಿ ಅಧ್ಯಕ್ಷರ ತಾಯಿ ಪೊರಕೆಗೆ ತೆಂಗಿನ ಗರಿ ಸೀಳುತ್ತಾ ಕೂತಿದ್ದರು.

"ಟ್ರಂಕಾ? ಮೂಲೇಲೈತೆ. ಹೋದ್ವಾರ ಅದ್ರ ಮ್ಯಾಲೇ ಕಾಯಿ ಹಾಕ್ಸಿದ್ವಲ್ಲ."

"ಮೊದ್ಲು ಟ್ರಂಕು ಇಳಿಸ್ಬೇಕು ಅಂತ ಗೊತ್ತಾಗ್ಲಿಲ್ವಾ ಅವ್ವಾ?"

"ನಿಮ್ಮ ಇಸ್ಕೂಲು ನಾನು ನಡುಸ್ತೀನೇನ್ಲಾ?"

ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಬತ್ತಿ ಕೊಬ್ಬರಿಯಾಗಲು ವರ್ಷ ಹಿಡಿಯುತ್ತದೆ. ಅಷ್ಟು ದಿನ ಯಾರೂ ಮುಟ್ಟುವುದಿಲ್ಲ. ಅಲ್ಲಾಡಿಸಿದರೆ ಕೊಬ್ಬರಿ ಕೆಡುತ್ತದೆ ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು.

"ಯಾವಾಗ ಇಳಿಸ್ತೀರಿ?" ಎಂದೆ.

"ಬರೋ ವರ್ಸ, ಇದೇ ಹೊತ್ಗೆ."

ಹಾಸನದವನು ಪಿಸುಗುಟ್ಟಿದ: "ಹತ್ತಿ ಕಣ್ರೀ. ನಂದೂ ಅಲ್ಲೇ ಇರೋದು."

ನಾನು ಹೇಳುತ್ತಾ ಬಂದ ಕಥೆಯಲ್ಲಿ ಇಲ್ಲಿ ಏಣಿ ಹತ್ತುತ್ತೇನೆ; ಒಂದೊಂದೇ ಕಾಯಿಯನ್ನು ಮಗುವನ್ನು ಎತ್ತುವಂತೆ ಎತ್ತಿ ಪಕ್ಕಕ್ಕಿಟ್ಟು, ಟ್ರಂಕು ತೆಗೆದು, ಅಂಕಪಟ್ಟಿಯೊಂದಿಗೆ ಕೊನೆಯ ಬಸ್ಸು ಹಿಡಿಯುತ್ತೇನೆ. ಕೇಳಿದವರು ಭೇಷ್ ಎನ್ನುತ್ತಾರೆ. ನಡೆದದ್ದು ಬೇರೆ. ಏಣಿಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಆ ಅಜ್ಜಿ ತಡೆಯಲಿಲ್ಲ. ಗರಿ ಸೀಳುತ್ತಲೇ ಕೇಳಿದರು:

"ನಿಮ್ಮನೇಲೂ ಅಟ್ಟ ಐತೇನಪ್ಪ?"

"ಐತೆ ಕಣವ್ವ."

"ಹಂಗಾದ್ರೆ ನಿಂಗೇ ಗೊತ್ತು ಬುಡು."

ಕಾಲು ಕೆಳಗಿಟ್ಟೆ. ಹಾಸನದವನು ನನ್ನ ಮುಖ ನೋಡಲಿಲ್ಲ. ಕಾರ್ಯದರ್ಶಿ ಇಬ್ಬರಿಗೂ ಎಳನೀರು ಕೊಡಿಸಿ, ಕಾಗದ ಸಿಕ್ಕ ಮೇಲೆ ತಿಳಿಸುತ್ತೇವೆ ಎಂದರು.

ಸೋಮವಾರ ತುಮಕೂರಿನಲ್ಲಿ ಬಾಗಿಲ ಬಳಿ ಕೂತಿದ್ದ ಗುಮಾಸ್ತರು ಅಸಲು ಕೇಳಿದರು. ಅಟ್ಟದ ವಿಷಯ ಹೇಳಿದೆ. "ಮೇಲೆ ಕಾಯಿ ಹಾಕಿದಾರಾ?" ಎಂದು ಗಂಭೀರವಾಗಿಯೇ ವಿಚಾರಿಸಿ, ಹೌದೆಂದಾಗ ನನ್ನ ಹೆಸರಿನ ಮೇಲೆ ಗೀಟು ಎಳೆದರು. ಆ ಪ್ರಶ್ನೆಯನ್ನು ನಾನೇ ಆಮೇಲೆ ಸೇರಿಸಿರಬಹುದು. ಗೀಟು ಮಾತ್ರ ನಿಜ.

ಮರುವರ್ಷ ಒಂದು ದಪ್ಪ ಲಕೋಟೆ ಬಂತು. ಅಂಕಪಟ್ಟಿ ಹಳದಿಯಾಗಿತ್ತು, ಹೊಗೆ ವಾಸನೆ ಹೊಡೆಯುತ್ತಿತ್ತು. ಜೊತೆಗೊಂದು ಕಾಗದ: ಹುದ್ದೆ ಇನ್ನೂ ಖಾಲಿ ಇದೆ, ಹೊಸದಾಗಿ ಅರ್ಜಿ ಹಾಕುವುದು, ಅಸಲು ಅಂಕಪಟ್ಟಿ ಲಗತ್ತಿಸುವುದು.

ನಾನು ಉತ್ತರ ಬರೆಯಲಿಲ್ಲ. ಬರೆದೆ, ಅಂಕಪಟ್ಟಿಯನ್ನೂ ಕಳಿಸಿದೆ ಎನ್ನುತ್ತಾನೆ ನನ್ನ ತಮ್ಮ. ನನ್ನ ಹಳೆಯ ಕಾಗದಪತ್ರಗಳ ಪೆಟ್ಟಿಗೆ ತೆರೆದು ನೋಡಿದರೆ ಗೊತ್ತಾಗುತ್ತದೆ. ನೋಡಿಲ್ಲ.