ಬಸ್ಯಾ ಹಚ್ಚಿಸಿದ ಅಂಟು

ಕೆಟ್ಟ ವಿಡಿಯೋ ಗೇಮಿನ ಡಬ್ಬಿ ಕೈಗೆ ಬಂದರೆ ಬಸವರಾಜ ಮೊದಲು ಅದನ್ನು ಮೂಸುತ್ತಿದ್ದ. ಮೂಸಿ, ಕಣ್ಣು ಕಿರಿದು ಮಾಡಿ, "ಪವರ್ ಸಪ್ಲೈ ಸುಟ್ಟೈತಲೇ ಈರ್ಯಾ, ಬಿಚ್ಚು" ಎಂದು ನನಗೆ ಹೇಳುವನು. ಬಿಚ್ಚಿದರೆ ಅದೇ ಸುಟ್ಟಿರುತ್ತಿತ್ತು. ಯರಗುಪ್ಪಿಯ ಈ ಗೆಳೆಯನ ಮೇಲೆ ಎಷ್ಟು ಪ್ರೀತಿಯಿತ್ತೋ ಇವತ್ತು ಅಷ್ಟೇ ಸಿಟ್ಟಿದೆ. ಸುಳ್ಳು ಯಾಕೆ ಹೇಳಲಿ?

ಇಂಜಿನಿಯರಿಂಗ್ ಮುಗಿಸಿ ಹುಬ್ಬಳ್ಳಿಯ ಕಂಪನಿ ಸೇರಿದ. ಟಿವಿಗೆ ಜೋಡಿಸಿ ಆಡುವ ಗೇಮ್ ಡಬ್ಬಿ ಮಾಡುವ ಕಂಪನಿ. ತಾನೇ ರೂಪಿಸಿದ ಮೊದಲ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಮ್ಮೂರು ಸಂಶಿಗೆ ತಂದ. "ನೋಡಲೇ, ನಾಕಽ ಸ್ಕ್ರೂ. ಎಂಥಾ ಹಳ್ಳ್ಯಾಗೂ ರಿಪೇರಿ ಆಗಬೇಕು. ನೀ ಅಂಗಡಿ ಹಾಕು, ನಾ ಅದೀನಿ" ಎಂದ. ಆ ಮಾತು ನಂಬಿ ಬಸ್ ಸ್ಟ್ಯಾಂಡ್ ಬಾಜೂಕೆ ರಿಪೇರಿ ಅಂಗಡಿ ಹಾಕಿದೆ. ಮನೆಯ ಒಲೆ ಅದರ ಮೇಲೇ ಉರಿಯಿತು. ದೂರದ ಶಲವಡಿಯಿಂದಲೂ ಗಿರಾಕಿ ಬರುತ್ತಿದ್ದರು. ರಜೆಗೆ ಬಂದಾಗೆಲ್ಲ ಬಸ್ಯಾ ನನ್ನ ಪಕ್ಕ ಕೂತು ಕೆಲಸ ನೋಡುತ್ತಿದ್ದ.

ಆಮೇಲೆ ಅವನು ಮ್ಯಾನೇಜರ್ ಆದ. ಒಂದು ದಿನ ಫೋನಿನಲ್ಲಿ, "ಹೇಳ್ರಿ ಈರಣ್ಣಾರ, ಆರಾಮ್ರಿ?" ಎಂದ. ನಾನೊಬ್ಬ ಹುಚ್ಚ, ಹಿಗ್ಗಿಬಿಟ್ಟೆ! ಸಾಹೇಬರ ನಡುವೆ ಕೂತೂ ಗೆಳೆಯನಿಗೆ ಮರ್ಯಾದೆ ಕೊಟ್ಟ ಅಂತ ಹೆಂಡತಿಗೂ ಹೇಳಿದೆ.

"'ಲೇ' ಅನ್ನಾವ 'ರಿ' ಅಂದ್ರ ಹಿಗ್ಗತೀರಲ್ರಿ! ದೂರ ಮಾಡ್ಯಾನ ನಿಮ್ಮನ್ನ" ಎಂದಳು. ಅವಳನ್ನೇ ಬೈದೆ.

ವರ್ಷ ಕಳೆಯುವುದರೊಳಗೆ ಹೊಸ ಮಾದರಿ ಬಂತು. ಸ್ಕ್ರೂ ಇಲ್ಲ, ಸುತ್ತಲೂ ಅಂಟು. ಬಿಚ್ಚಲು ಹೋದರೆ ಒಳಗಿನ ಬೋರ್ಡೇ ಸೀಳುತ್ತಿತ್ತು. ಗಿರಾಕಿಗಳು ನನಗೇ ಉಗಿದರು. ಅದೇ ಹೊತ್ತಿಗೆ ಬಸ್ಯಾ ಡೈರೆಕ್ಟರ್ ಆದನೆಂಬ ಸುದ್ದಿಯೂ ಬಂತು.

ತನ್ನ ತಂಗಿಯ ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಅವನು ಯರಗುಪ್ಪಿಗೆ ಬಂದಾಗ ಹೋಗಿ ಹಿಡಿದೆ. ಕಾರಿನ ಬಾಗಿಲಿಗೆ ಅಡ್ಡ ನಿಂತು, "ಯಾವ ಹಲ್ಕಟ್ ಹಚ್ಚಿದ್ನಲೇ ಆ ಅಂಟು? ನೀ ಅಲ್ಲಿದ್ದೂ ಬ್ಯಾಡ ಅನ್ನಲಿಲ್ಲ?" ಎಂದೆ.

ಅವನು ತಲೆ ತಗ್ಗಿಸಲಿಲ್ಲ. "ನಾನಽ ಹಚ್ಚಿಸೇನ್ರಿ. ನೀವು ಸ್ಕ್ರೂಡ್ರೈವರ್ ಎಲ್ಲೆಲ್ಲಿ ತೂರಸ್ತೀರಿ ಅಂತ ನಿಮ್ಮ ಅಂಗಡ್ಯಾಗ ಕುಂತು ನೋಡಿದ್ನಲ್ಲ, ಅಲ್ಲೆಲ್ಲಾ ಹಚ್ಚಿಸೇನಿ. ಅದಕ್ಕಽ ನನ್ನ ಡೈರೆಕ್ಟರ್ ಮಾಡ್ಯಾರ."

ಬಾಗಿಲು ಬಿಟ್ಟು ಸರಿದೆ.

ಅವನನ್ನು ಮತ್ತೆ ನೋಡಿಲ್ಲ. ನನ್ನ ಅಂಗಡಿ ಮುಚ್ಚಿತು. ಈಗ ಕುಂದಗೋಳದಲ್ಲಿ ಅದೇ ಡಬ್ಬಿ ಮಾರುವ ಅಂಗಡಿಯಲ್ಲಿ ಪಗಾರಕ್ಕಿದ್ದೇನೆ. ಯಾರಾದರೂ ಕೆಟ್ಟದ್ದು ಹಿಡಿದುಕೊಂಡು ಬಂದರೆ ಮುಟ್ಟಿಯೂ ನೋಡುವುದಿಲ್ಲ. "ಇದು ಬಿಚ್ಚಾಕ ಬರೂದಿಲ್ರಿ, ಹೊಸಾದು ತಗೋರಿ" ಎನ್ನುತ್ತೇನೆ.