ಅಕ್ಕೋರು ಉಳಿಸಿದ ವೈರ್

ನಮ್ಮ ಕಂಪ್ಯೂಟರ್ ಅಕ್ಕೋರ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಟೈಪ್ ಮಾಡಲು ಕೂತರೆ ಅವು ಕೀಬೋರ್ಡಿನ ಅಂಚಿಗೆ ಬಡಿಯುವ ಸದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ಗಂಡ ತೀರಿಹೋದಾಗ ಹಿರಿಯರು ಬಳೆ ತೆಗೆಸಲು ಬಂದಿದ್ದರಂತೆ. "ಇವು ನಮ್ಮವ್ವ ಇಡಿಸಿದ ಬಳಿ. ಅವ ಬರೂಕಿಂತ ಮೊದಲ ಇದ್ದವು. ನಡೀರಿ ಹೊರಗ," ಎಂದು ಅಕ್ಕೋರು ಬಾಗಿಲು ತೋರಿಸಿದರಂತೆ.

ನಮ್ಮ ನರೇಗಲ್ಲಿನಲ್ಲಿ ಮನೆಯಲ್ಲೇ ಕಂಪ್ಯೂಟರ್ ಕ್ಲಾಸ್ ತೆರೆದವರು ಅವರು. ಮೊದಲ ಮಾನಿಟರನ್ನು ಗದಗಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು. ಬೇರೆ ಕ್ಲಾಸುಗಳಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಇಲ್ಲಿ ನಾನು ಬಿಡಲು ಬಗ್ಗಿದರೆ, "ಇದೇನ್ ದೇವರ ಏನು? ಮಷೀನ್ ಐತಿ. ಹೆದರಬ್ಯಾಡ, ಬಾ ಒಳಗ," ಎಂದು ಗದರಿಸಿದ್ದರು.

ಅವರಿಗೆ ಎಲ್ಲದರ ಮೇಲೂ ಒಂದು ಮಾತಿತ್ತು. ಕಂಪ್ಯೂಟರಿಗೆ ಹೊಸದೇನಾದರೂ ಹಾಕುವಾಗ 'ಒಪ್ಪಿಗೆ' ಅಂತ ಬರುತ್ತದಲ್ಲ, ಅದರ ಷರತ್ತುಗಳನ್ನೆಲ್ಲ ನಮ್ಮಿಂದ ಜೋರಾಗಿ ಓದಿಸುತ್ತಿದ್ದರು. ಓದದೇ ಒತ್ತಿದರೆ ಮುಗೀತು. "ಕೇಳಲಾರದ ಹೂಂ ಅನ್ನಾಕ ಇದೇನ್ ನಿನ್ನ ಲಗ್ನ ಏನು?" ಮೊಬೈಲ್ ಕಂಡರಂತೂ ಉರಿದು ಬೀಳುತ್ತಿದ್ದರು. "ಅದರಾಗ ನೋಡಾಕ ಬರ್ತೈತಿ, ಮಾಡಾಕ ಬರೂದಿಲ್ಲ." ಇದನ್ನು ನಾನು ಪೂರ್ತಿ ಒಪ್ಪಲಾರೆ. ಅವರೆದುರು ಹೇಳುವ ಧೈರ್ಯ ಮಾತ್ರ ಯಾವತ್ತೂ ಬರಲಿಲ್ಲ.

ಹುಡುಗಿಯನ್ನು ಗದಗಿನ ಕಾಲೇಜಿಗೆ ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಾಗ ನಾನು ಮನೆಯಿಂದಲೇ ಓದುವ ಡಿಗ್ರಿಗೆ ಸೇರಿದೆ. ಪಾಠಗಳೆಲ್ಲ ಇಂಟರ್ನೆಟ್ಟಿನಲ್ಲಿ, ಅಂದರೆ ಅಕ್ಕೋರ ಮನೆಯಲ್ಲಿ. ಆಗಲೇ ಇಂಟರ್ನೆಟ್ ಕಂಪನಿಯವನು ಬಂದ.

"ಅಕ್ಕೋರ, ಎಲ್ಲಾರೂ ಮೊಬೈಲ್‌ನಾಗ ನೋಡ್ತಾರ್ರಿ. ಈ ಓಣಿಗೆ ನೀವೊಬ್ರ ಗಿರಾಕಿ. ಇನ್ನ ನಾಕ ಮನಿ ಸೇರಲಿಲ್ಲಂದ್ರ ವೈರ್ ಬಿಚ್ಚತೀವ್ರಿ."

ವೈರ್ ಹೋದರೆ ನನ್ನ ಡಿಗ್ರಿಯೂ ಹೋದಂತೆ. ಅಕ್ಕೋರು ಮನೆಮನೆಗೆ ಹೋಗಿ ಗಂಡಸರನ್ನು ಕೇಳಿದರು. ಎಲ್ಲರದೂ ಒಂದೇ ಉತ್ತರ: "ಮೊಬೈಲ್ ಐತಲ್ರಿ."

ಶುಕ್ರವಾರ ಅಕ್ಕೋರು ಓಣಿಯ ಹೆಂಗಸರನ್ನೆಲ್ಲ ಉಡಿ ತುಂಬಲು ಕರೆದರು. ಗಂಡನಿಲ್ಲದಾಕೆ ಉಡಿ ತುಂಬುವುದೆಂದರೇನು! ಕುತೂಹಲಕ್ಕೇ ಎಲ್ಲರೂ ಬಂದು ಗುಸುಗುಸು ನಡೆಸಿದ್ದರು. ಕಂಪ್ಯೂಟರಿನ ಪಕ್ಕದಲ್ಲೇ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಇಟ್ಟುಕೊಂಡು ಅಕ್ಕೋರು ನಿಂತರು.

"ನಿಮ್ಮ ಮನಿ ಇಂಟರ್ನೆಟ್ ನಿಮ್ಮ ಗಂಡಂದಿರ ಕಿಸೇದಾಗ ಐತಿ. ಅವರು ಹೊಲಕ್ಕ ಹೋದ್ರ ಅದೂ ಹೊಲಕ್ಕ ಹೋತು. ಹುಡುಗ್ಯಾರಿಗೆ ಏನ್ ಉಳೀತು? ನನ್ನ ಕೈಲೆ ಉಡಿ ತುಂಬಿಸ್ಕೊಂಡಾಕಿ ತನ್ನ ಹೆಸರಿಲೆ ವೈರ್ ತಗೋಬೇಕು. ಬ್ಯಾಡಾದಾರು ಎದ್ದ ಹೋಗ್ರಿ."

ಇಬ್ಬರು ಎದ್ದು ಹೋಗಿಯೇಬಿಟ್ಟರು. ಉಳಿದವರು ಮುಖ ಮುಖ ನೋಡಿಕೊಂಡರು. ಅಪ್ಪನೆದುರು ಎಂದೂ ದನಿ ಎತ್ತದ ನಮ್ಮವ್ವ ಎದ್ದು ಹೋಗಿ ಸೆರಗು ಒಡ್ಡಿದಳು.

"ನನಗ ತುಂಬ್ರಿ, ಅಕ್ಕೋರ."

ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಸಂಜೆ ಹೊಲದಿಂದ ಬಂದ ಅಪ್ಪ ಮನೆ ಕಿತ್ತುಹೋಗುವಂತೆ ಹಾರಾಡಿದ. ಅವ್ವ ರೊಟ್ಟಿ ಬಡಿಯುತ್ತಲೇ, "ಉಡಿ ತುಂಬಿಸ್ಕೊಂಡೀನಿ. ಹೊಳ್ಳಿ ಕೊಡಾಕ ಬರೂದಿಲ್ಲ," ಎಂದಳು. ಅಪ್ಪ ಗೊಣಗುತ್ತಲೇ ಊಟಕ್ಕೆ ಕೂತ. ವೈರ್ ಉಳಿಯಿತು. ನಾನು ಡಿಗ್ರಿ ಮುಗಿಸಿದೆ. ಅಕ್ಕೋರಿಗೆ ಕಣ್ಣು ಮಂಜಾದಾಗಿನಿಂದ ಕ್ಲಾಸನ್ನು ನಾನೇ ನಡೆಸುತ್ತಿದ್ದೇನೆ, ಷರತ್ತುಗಳನ್ನು ಓದಿಸುತ್ತೇನೆ ಕೂಡ.

ಹೋದ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಒಯ್ಯುವ ಮುಂಚೆ ಬಳಗದ ಹೆಂಗಸೊಬ್ಬಳು, ಈಗಲಾದರೂ ಆಗಲೆಂದು, ಬಳೆ ಒಡೆಯಲು ಅವರ ಕೈ ಹಿಡಿದಳು.

ಅವ್ವ ಮುಂದೆ ಬಂದು ಅವಳ ಕೈ ಸರಿಸಿದಳು.

"ಬಿಡು. ನನ್ನ ಉಡಿ ತುಂಬಿದ ಕೈ ಅದು."