ಒಳಚಿಲಕ

ಬೀಗಣ್ಣ ಸಾವಿಗೆ ಹೆದರುವ ಆಸಾಮಿಯಲ್ಲ. ಅವನ ಹೆದರಿಕೆಯೆಲ್ಲ ಮುಚ್ಚಿದ ಬಾಗಿಲಿನದು. ಮಾರುಕಟ್ಟೆಯ ಮೂಲೆಯಲ್ಲಿ ಬೀಗ ರಿಪೇರಿಯ ಗೂಡಂಗಡಿ ಇಟ್ಟುಕೊಂಡು ತಲೆ ನರೆಸಿಕೊಂಡವನು. ಯಾರ ಮನೆಯ ಬಾಗಿಲಾದರೂ ಒಳಗಿನಿಂದ ಹಾಕಿದ್ದು ಹಾಕಿದ ಹಾಗೇ ಉಳಿದು, ಅಕ್ಕಪಕ್ಕದವರಿಗೆ ಅನುಮಾನ ಬಂದರೆ ಪೊಲೀಸರು ಅವನಿಗೇ ಹೇಳಿ ಕಳಿಸುತ್ತಿದ್ದರು.

"ತೆಗೆದು ಪಕ್ಕಕ್ಕೆ ನಿಂತ್ಕೋ" ಎನ್ನುತ್ತಿದ್ದರು. ನಿಲ್ಲುತ್ತಿದ್ದ. ಆದರೆ ಕಣ್ಣು, ಮೂಗನ್ನು ಎಲ್ಲಿಗೆ ಕಳಿಸುವುದು? ಒಮ್ಮೆ ಒಬ್ಬರು ನಿವೃತ್ತ ಮೇಷ್ಟ್ರು ಮಂಚದಿಂದ ಬಾಗಿಲ ತನಕ ತೆವಳಿಕೊಂಡು ಬಂದು, ಚಿಲಕಕ್ಕೆ ಕೈ ಎಟುಕದೆ ಅಲ್ಲೇ ಪ್ರಾಣ ಬಿಟ್ಟಿದ್ದರು. ಅಷ್ಟೆತ್ತರದಲ್ಲಿ ಚಿಲಕ ಕೂರಿಸಿದ ಬಡಗಿಗೆ ಬೀಗಣ್ಣ ಬಾಯಿಗೆ ಬಂದ ಹಾಗೆ ಬೈದಿದ್ದ. ಬೈದು, ಮನೆಗೆ ಬಂದು, ತನ್ನ ಕೋಣೆಯ ಚಿಲಕ ಹಾಕಿಕೊಂಡು ಮಲಗಿದ್ದ.

ಆ ಕಾಯಿಲೆಯ ವರ್ಷ ಬಂತು. ಲಸಿಕೆ ಹಾಕಿಸಿಕೊಳ್ಳದವರನ್ನು ದೊಡ್ಡ ಕಟ್ಟಡಗಳ ಗೇಟಿನೊಳಗೆ ಬಿಡುತ್ತಿರಲಿಲ್ಲ. ಗೇಟು ದಾಟದೆ ಬೀಗ ರಿಪೇರಿ ಮಾಡುವುದು ಹೇಗೆ? ಹಾಕಿಸಿಕೊಳ್ಳಲೇಬೇಕು ಎಂದು ಅವನಿಗೂ ಗೊತ್ತಿತ್ತು. ಆದರೆ ಚಹಾದಂಗಡಿಯ ಮುಂದೆ ನಿಂತವರ ಬಾಯಲ್ಲಿ ಬರೀ ಅದೇ ಸುದ್ದಿ. ಯಾರದೋ ಭಾವ ಸೂಜಿ ಚುಚ್ಚಿಸಿಕೊಂಡು ಸಂಜೆ ನಗುನಗುತ್ತ ಮಲಗಿದನಂತೆ, ಬೆಳಿಗ್ಗೆ ಏಳಲೇ ಇಲ್ಲವಂತೆ. ಯಾರ ಭಾವ, ಯಾವ ಊರು ಎಂದು ಕೇಳಿದ್ದರೆ ಒಬ್ಬನೂ ಉಸಿರೆತ್ತುತ್ತಿರಲಿಲ್ಲ. ಹೆದರಿದವನು ಅದನ್ನೆಲ್ಲ ಎಲ್ಲಿ ಕೇಳುತ್ತಾನೆ? ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಬರುತ್ತಿದ್ದ.

ಮನೆಯಲ್ಲಿ ಒಂದು ಜನ ಇದ್ದಿದ್ದರೆ "ಸಾಕು ಸುಮ್ನಿರು, ಹೋಗಿ ಹಾಕಿಸ್ಕೊಂಡು ಬಾ" ಎಂದು ಗದರಿ ಅರ್ಧ ಹೆದರಿಕೆ ಬಿಡಿಸುತ್ತಿತ್ತು. ಬೀಗಣ್ಣನಿಗೆ ಮದುವೆಯಾಗಿರಲಿಲ್ಲ. ಜೊತೆಗಿದ್ದ ತಂಗಿ ತೀರಿಕೊಂಡು ವರ್ಷಗಳಾಗಿದ್ದವು. ಹಾಗಾಗಿ ತನ್ನನ್ನು ತಾನೇ ಗದರಿಕೊಳ್ಳಬೇಕಿತ್ತು. ಅದು ಅಷ್ಟಾಗಿ ನಾಟುವುದಿಲ್ಲ.

ಕೊನೆಗೆ ಅವನಿಗೆ ತೋಚಿದ್ದು ತನ್ನ ಕಸುಬಿನ ದಾರಿ. ತನ್ನ ಕೋಣೆಯ ಬಾಗಿಲಿಗೇ ಕೂರಿಸಿದ, ಹೊರಗಿನಿಂದಲೂ ತೆಗೆಯಬಹುದಾದ ಬೀಗಕ್ಕೆ ಇನ್ನೊಂದು ಕೀ ಮಾಡಿಕೊಂಡ. ಅರ್ಧ ಊರಿಗೆ ಎರಡನೇ ಕೀ ಮಾಡಿಕೊಟ್ಟವನು ತನಗೆಂದು ಮಾಡಿಕೊಂಡಿರಲೇ ಇಲ್ಲ; ಮಾಡಿ ಯಾರಿಗೆ ಕೊಡಬೇಕಿತ್ತು? ಅರದಿಂದ ಉಜ್ಜಿ ಉಜ್ಜಿ, ಗಿರಾಕಿಗಳ ಕೆಲಸಕ್ಕೂ ತೋರದ ನಿಗಾ ತೋರಿಸಿ ಮುಗಿಸಿದ. ಆಮೇಲೆ ಅದನ್ನು ಹಿಡಿದುಕೊಂಡು ಪಕ್ಕದ ಅಂಗಡಿಯ ಟೈಲರಮ್ಮನ ಮುಂದೆ ನಿಂತ. ಎರಡು ಅಂಗಡಿಗೂ ಒಂದೇ ಗೋಡೆ. ಇಷ್ಟು ಕಾಲ ಅವರಿಬ್ಬರ ನಡುವೆ ಕರೆಂಟು ಹೋಯಿತು, ಬಂತು ಎನ್ನುವುದನ್ನು ಬಿಟ್ಟು ಮಾತು ಬೆಳೆದಿರಲಿಲ್ಲ.

"ಟೈಲರಮ್ಮ, ಇದನ್ನ ಇಟ್ಕೊಂಡಿರ್ತೀರಾ? ನನ್ನ ರೂಮಿನ ಕೀ."

ಅವಳು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರ ಬಿಟ್ಟಳು. "ಯಾಕಣ್ಣ, ಎಲ್ಲಿಗಾದ್ರೂ ಹೊರಟ್ರಾ?"

"ಇಲ್ಲಮ್ಮ, ನಾಳೆ ಲಸಿಕೆ. ನಾಡಿದ್ದು ಊಟದ ಹೊತ್ತಾದ್ರೂ ನಾನು ಅಂಗಡಿ ತೆಗೀಲಿಲ್ಲ ಅಂದ್ರೆ ಒಂದ್ಸಲ ಬಂದು ನೋಡಿ. ಇಲ್ಲೇ ಹಿಂದೆ, ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿ."

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅವಳ ಮುಖದಲ್ಲಿ 'ಅಯ್ಯೋ ಪಾಪ' ಸುಳಿಯಿತು. ಬೀಗಣ್ಣ ಹಸಿವು ತಡೆದಾನು, ನೋವು ತಡೆದಾನು, ಅದೊಂದನ್ನು ತಡೆಯಲಾರ.

"ತಂಗಿ ಬರ್ತೀನಿ ಅಂದಿದ್ದಾಳೆ. ಬಂದೇ ಬರ್ತಾಳೆ. ಇದು ಸುಮ್ನೆ, ಇರ್ಲಿ ಅಂತ" ಎಂದುಬಿಟ್ಟ.

"ಹಾಗಾದ್ರೆ ಒಳ್ಳೇದಾಯ್ತು ಬಿಡಿ" ಎಂದು ಅವಳು ಕೀಯನ್ನು ಗುಂಡಿಗಳ ಡಬ್ಬಿಯೊಳಗೆ ಹಾಕಿಕೊಂಡಳು.

ಮರುದಿನ ಆಸ್ಪತ್ರೆಯಲ್ಲಿ ನರ್ಸು ಹೇಳಿದಳು. "ಜ್ವರ, ಮೈಕೈ ನೋವು ಬರಬಹುದು, ಒಂದೆರಡು ದಿನದಲ್ಲಿ ಹೋಗುತ್ತೆ. ಉಸಿರಾಡೋಕೆ ಕಷ್ಟ ಆದ್ರೆ ತಡ ಮಾಡದೆ ಬನ್ನಿ. ಮನೇಲಿ ಯಾರಾದ್ರೂ ಇದ್ದಾರಲ್ಲ?"

"ತಂಗಿ ಇದ್ದಾಳೆ." ಎರಡನೇ ಸಲ ಸುಳ್ಳು ಸಲೀಸಾಗಿ ಬಂತು. ಸತ್ತವಳನ್ನು ಎಬ್ಬಿಸಿ ಕಾವಲಿಗೆ ಕೂರಿಸಿಯಾಯಿತು.

ಸೂಜಿಯಾದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿದರು. ಸುತ್ತಲಿನ ಕುರ್ಚಿಗಳಲ್ಲಿ ಜನ ಜೋಡಿಜೋಡಿಯಾಗಿದ್ದರು. ಒಬ್ಬ ಮಗಳು ಅಪ್ಪನ ಚೀಲ ಹಿಡಿದಿದ್ದಳು. ಒಬ್ಬಳು ಗಂಡನಿಗೆ, "ಇಷ್ಟಕ್ಕೇ ಮುಖ ಹಿಂಗ್ ಮಾಡ್ಕೊಂಡ್ರೆ ಹೆಂಗ್ರೀ?" ಎಂದು ನಗುತ್ತಿದ್ದಳು. ಬೀಗಣ್ಣ ತನ್ನ ಬಲಗೈಯಿಂದ ಎಡಗೈಯ ನಾಡಿ ಹಿಡಿದುಕೊಂಡು ಕೂತಿದ್ದ.

ಮನೆಗೆ ಬಂದು ಎಲ್ಲ ಅಣಿ ಮಾಡಿಕೊಂಡ. ಮಂಚದ ಪಕ್ಕ ನೀರಿನ ತಂಬಿಗೆ, ಮಾತ್ರೆ, ಬ್ರೆಡ್ಡು, ಫೋನು. ಸಂಜೆಗೆ ಜ್ವರ ಏರಿತು. ಜ್ವರ ಬರುತ್ತದೆ ಎಂದು ಹೇಳಿಯೇ ಕಳಿಸಿದ್ದರು, ಮಾತ್ರೆಯನ್ನೂ ನುಂಗಿದ. ಆದರೆ ಒಂಟಿಯಾಗಿ ಬಿದ್ದುಕೊಂಡವನಿಗೆ ಮೈಯೇ ಶತ್ರು. ಎಡಗೈ ನೋವು ಸೂಜಿಯದೋ, ಎದೆಯದೋ? ಈ ಉಸಿರು ಸರಿಯಿದೆಯೋ, ಆಗಲೇ ಕಟ್ಟುತ್ತಿದೆಯೋ? ಯಾರಿಗಾದರೂ ಹೇಳಿಕೊಂಡರೆ ಸಮಾಧಾನವಾದೀತೆಂದು ಫೋನು ತೆರೆದ. ಅದರಲ್ಲಿದ್ದ ಹೆಸರುಗಳು 'ಕಪಾಟು ಮೇಡಂ', 'ಶಟರ್ ಜಾಮ್', 'ಎರಡನೇ ಮಹಡಿ ಕೀ ಕಳ್ಕೊಂಡವ್ರು'. ನಿಮ್ಮ ಬೀಗ ಹೇಗಿದೆ, ನನಗೆ ಭಯವಾಗುತ್ತಿದೆ ಎನ್ನಲಾದೀತೇ? ಫೋನು ಮಗುಚಿಟ್ಟ. ಅವತ್ತು ಅತ್ತ. ಮುದುಕ ಅಳುವುದನ್ನು ನೋಡುವವರೂ ಇರಲಿಲ್ಲ.

ಬೆಳಗಾಯಿತು. ಎದ್ದು ಅಂಗಡಿ ತೆಗೆಯುವ ಮಾತೇ ಇಲ್ಲ, ಕಾಲು ನೆಲಕ್ಕೆ ಊರುತ್ತಿರಲಿಲ್ಲ. ನೀರು ಖಾಲಿಯಾಗಿತ್ತು. ಕೆಳಗೆ ಪ್ರೆಸ್ಸು ಧಡಧಡ ಓಡುತ್ತಿತ್ತು. ಊಟದ ಹೊತ್ತಿಗೆ ಅದನ್ನು ನಿಲ್ಲಿಸುತ್ತಾರೆ, ಆಗ ಟೈಲರಮ್ಮ ಬರುತ್ತಾಳೆ ಎನ್ನುವುದೊಂದನ್ನೇ ಹಿಡಿದುಕೊಂಡು ಮಲಗಿದ್ದ.

ಪ್ರೆಸ್ಸು ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅವನ ಜೀವಕ್ಕೆ ಜೀವ ಬಂತು. ಬೀಗದೊಳಗೆ ಕೀ ಹೋಗಿ, ಎಲ್ಲೂ ತಡವರಿಸದೆ ತಿರುಗಿದ್ದು ಕೇಳಿಸಿತು. ಎಂಥ ಕೀ ಮಾಡಿದ್ದೇನೆ ಎಂದು ಆ ಜ್ವರದಲ್ಲೂ ಹೆಮ್ಮೆಪಟ್ಟ. ಬಾಗಿಲನ್ನು ತಳ್ಳಿದಳು. ಬಾಗಿಲು ತೆರೆಯಲಿಲ್ಲ.

ಬೀಗಣ್ಣ ಕಣ್ಣು ಮೇಲೆತ್ತಿದ. ಚಿಲಕ ಹಾಕಿತ್ತು.

ಹಾಕಿದ್ದು ಅವನೇ. ದಿನವೂ ಹಾಕುವ ಕೈ, ನಿನ್ನೆಯೂ ತನ್ನ ಪಾಡಿಗೆ ಹಾಕಿತ್ತು. ಮೇಲೆ ಚಿಲಕ ಹಾಕಿದ್ದರೆ ಕೀ ಇದ್ದೂ ದಂಡ ಎಂದು ಊರಿಗೆಲ್ಲ ಹೇಳುತ್ತ ಬಂದವನು.

"ಅಣ್ಣಾ? ಬೀಗಣ್ಣಾ?" ಬಾಗಿಲು ಬಡಿದಳು. ಅವನು ಕೂಗಿದ. ಗಂಟಲ ಪಸೆ ಆರಿಹೋಗಿತ್ತು, ಬರೀ ಗಾಳಿ ಹೊರಟಿತು.

ಬಾಗಿಲು ಇನ್ನೊಮ್ಮೆ ಅಲುಗಾಡಿತು. ಆಮೇಲೆ ಅವಳು ತನ್ನಷ್ಟಕ್ಕೇ ಹೇಳಿಕೊಂಡಳು. "ಓ, ತಂಗಿ ಬಂದಿರ್ಬೇಕು. ಒಳಗಿಂದ ಹಾಕ್ಕೊಂಡು ಮಲಗಿದ್ದಾರೆ. ಮಲಗ್ಲಿ ಪಾಪ."

ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು.

ಬೀಗಣ್ಣ ಮಂಚದಿಂದ ಉರುಳಿಕೊಂಡ. ತೆವಳುವಾಗ ಆ ಮೇಷ್ಟ್ರು ಕಣ್ಣ ಮುಂದೆಯೇ ಇದ್ದರು. ಕುರ್ಚಿ ಹಿಡಿದು ಎದ್ದ, ಬಿದ್ದ, ಮತ್ತೆ ಎದ್ದ. ಬೆರಳು ಚಿಲಕಕ್ಕೆ ಎಟುಕಿತು. ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಕೆಳಗೆ ಪ್ರೆಸ್ಸು ಮತ್ತೆ ಶುರುವಾಗಿತ್ತು. ಅವನು ಹೊಸ್ತಿಲಿಗೆ ತಲೆ ಕೊಟ್ಟು ಅಲ್ಲೇ ಬಿದ್ದುಕೊಂಡ.

ಜ್ವರ, ನರ್ಸು ಹೇಳಿದ ಹಾಗೆಯೇ, ಬಂದ ದಾರಿಯಲ್ಲಿ ಹೋಯಿತು. ಗೋಡೆ ಹಿಡಿದುಕೊಂಡು ಇಳಿದು ಅಂಗಡಿ ತೆಗೆದ ದಿನ ಟೈಲರಮ್ಮ ಡಬ್ಬಿಯಿಂದ ಕೀ ತೆಗೆದು ಚಾಚಿದಳು. "ಈಗ ಹೇಗಿದ್ದೀರಿ ಅಣ್ಣ? ತಂಗಿ ಹೊರಟ್ರಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಾನ ಉಳಿಯುತ್ತಿತ್ತು. ಆದರೆ ಎರಡನೇ ಸೂಜಿ ಇನ್ನೂ ಬಾಕಿ ಇತ್ತು, ಹೆದರಿಕೆ ಎದೆಯೊಳಗೆ ಇದ್ದಲ್ಲೇ ಇತ್ತು.

"ತಂಗಿ ಇಲ್ಲಮ್ಮ. ಅವಳು ಸತ್ತು ಬಹಳ ವರ್ಷ ಆಯ್ತು."

ಅವಳ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತುಹೋಯಿತು. "ಮತ್ತೆ ಅವತ್ತು ಒಳಗೆ ಯಾರಿದ್ರು?"

"ನಾನೊಬ್ನೇ ಇದ್ದೆ. ನೀವು ಕರೆದದ್ದು ಕೇಳಿಸ್ತಿತ್ತು."

ಚಾಚಿದ ಕೈ ಚಾಚಿದ ಹಾಗೇ ಉಳಿಯಿತು. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು ಉಕ್ಕಿ ಬಂತು. "ಅಲ್ಲ, ಯಾರೂ ಇಲ್ಲ ಅಂತ ಒಂದ್ಮಾತು ಹೇಳೋಕೆ ನಿಮಗೇನಾಗಿತ್ತು? ನಾನು ಮನೆಗ್ ಹೋಗಿ ನೆಮ್ಮದಿಯಾಗಿ ಊಟ ಮಾಡಿದ್ನಲ್ಲ!"

ಬೀಗಣ್ಣ ತಲೆ ತಗ್ಗಿಸಿ ನಿಂತ. ಅವಳ ಕೈಯಲ್ಲಿದ್ದ ಕೀಯನ್ನು ಮುಟ್ಟಲಿಲ್ಲ. ಜೇಬಿನಲ್ಲಿ, ಅಂಗಡಿಗೆ ಬರುವ ಮುಂಚೆ ತನ್ನ ಬಾಗಿಲಿನಿಂದ ಬಿಚ್ಚಿದ ಚಿಲಕವಿತ್ತು.